ಕೆಳಮನೆಯ ಸಿಸ್ಟರ್, ಅವರ ಕೋಳಿಗಳು

ಹೋದ ತಿಂಗಳು ಸಿಸ್ಟರ್ ನೆನಪಿಗೆ ಚರ್ಚಿನಲ್ಲಿ ಪ್ರಾರ್ಥನೆ ಇಟ್ಟಿದ್ದರು. ಅವರು ತೀರಿಕೊಂಡು ಆಗಲೇ ಕೆಲವು ವಾರಗಳಾಗಿದ್ದವು. ಜೊತೆಯಲ್ಲಿ ಕೆಲಸ ಮಾಡಿದವರು ಒಬ್ಬೊಬ್ಬರಾಗಿ ಎದ್ದು ಮಾತಾಡಿದರು. ಒಬ್ಬರು ಅವರನ್ನು ತಾಳ್ಮೆಯ ಮೂರ್ತಿ ಎಂದರು. ಇನ್ನೊಬ್ಬರು, ಯಾರಿಗೂ ಒಂದು ಗಟ್ಟಿ ಮಾತು ಆಡಿದವರಲ್ಲ ಎಂದರು. ಪಕ್ಕದಲ್ಲಿ ಕೂತಿದ್ದ ನನ್ನ ಹೆಂಡತಿ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡಳು. ಹಿಂದಿನ ಸಾಲಿನವರು ಅವಳು ಅಳುತ್ತಿದ್ದಾಳೆ ಎಂದುಕೊಂಡಿರಬೇಕು. ಅವಳು ನಗು ತಡೆಯುತ್ತಿದ್ದಳು. ನನ್ನನ್ನೂ ಎರಡು ಮಾತು ಆಡಲು ಕರೆದರು. ಬೇಡ ಎಂದು ಕೈಯಾಡಿಸಿದೆ. ಸಿಸ್ಟರ್ ಬಗ್ಗೆ ನನಗೆ ಗೊತ್ತಿದ್ದದ್ದನ್ನು ಹೂವಿಟ್ಟ ಫೋಟೋದ ಮುಂದೆ ನಿಂತು ಹೇಳುವ ಹಾಗಿರಲಿಲ್ಲ.

ಅವರ ಊರು ಉಡುಪಿಯ ಕಡೆ. ಹರೆಯದಲ್ಲೇ ನರ್ಸಿಂಗ್ ಮುಗಿಸಿ, ರೈಲ್ವೆ ಆಸ್ಪತ್ರೆಯ ಕೆಲಸಕ್ಕೆಂದು ಹೌರಾದಲ್ಲಿ ಇಳಿದವರು ಮತ್ತೆ ಊರಿಗೆ ಹೋಗಿ ನೆಲೆಸಲಿಲ್ಲ. ಮದುವೆಯೂ ಆಗಲಿಲ್ಲ. ನಿವೃತ್ತರಾಗುವಾಗ ಅವರು ಸಾಂಕ್ರಾಮಿಕ ರೋಗಗಳ ವಾರ್ಡಿನ ಹಿರಿಯ ಸಿಸ್ಟರ್. ಆಮೇಲೆ ಕಸ್ಬಾ ಬಡಾವಣೆಯ ಒಳಗಲ್ಲಿಯೊಂದರಲ್ಲಿ ಹಳೆಯ ಮನೆಯ ಕೆಳಭಾಗ ಬಾಡಿಗೆಗೆ ಹಿಡಿದರು. ಹಿಂದೆ ಹಿತ್ತಲು, ಹಿತ್ತಲಲ್ಲಿ ಒಂದು ಮಾವಿನ ಮರ, ಎದೆಮಟ್ಟದ ಗೋಡೆ. ನಾನು ಮೈಸೂರಿನಿಂದ ವರ್ಗವಾಗಿ ಬಂದು ಅದೇ ಮನೆಯ ಮೇಲ್ಭಾಗ ಹಿಡಿದೆ. ಸಾಮಾನು ಇಳಿಸುತ್ತಿದ್ದಾಗ ನಮ್ಮ ಮಾತು ಕಿವಿಗೆ ಬಿದ್ದು ಸಿಸ್ಟರ್ ಹೊರಗೆ ಓಡಿ ಬಂದರು.

"ಕನ್ನಡದವರಾ? ಅಯ್ಯೋ ದೇವರೇ, ಎಷ್ಟು ವರ್ಷದ ಮೇಲೆ!"

ಅವರ ಕಣ್ಣಲ್ಲಿ ನೀರು ತುಂಬಿತ್ತು. ಅದನ್ನು ಒರೆಸಿಕೊಳ್ಳುತ್ತಲೇ ಮುಂದಿನ ಮಾತು ಬಂತು: "ಚಪ್ಪಲಿ ಹಾಕಿ ಮೆಟ್ಟಿಲು ಹತ್ತಲಿಕ್ಕಿಲ್ಲ ಆಯ್ತಾ. ಕೆಳಗೆ ಬಿಡಿ. ಅಲ್ಲಿ ಅಲ್ಲ, ಇಲ್ಲಿ."

ನಮ್ಮ ಸಂಬಂಧ ಕೊನೆಯವರೆಗೆ ಅದೇ ರೀತಿ ನಡೆಯಿತು.

ಮಗಳು ಹುಟ್ಟಿದಾಗ ನನ್ನ ಅಮ್ಮ ಮೊಮ್ಮಗಳನ್ನು ನೋಡಲು ಮೈಸೂರಿನಿಂದ ಹೊರಟು ಬಂದರು. ರೈಲಿನಲ್ಲಿ ಸ್ವಲ್ಪ ಕೆಮ್ಮು ಹತ್ತಿತ್ತು. ಆಟೋ ಇಳಿಯುವಾಗ ಒಮ್ಮೆ ಕೆಮ್ಮಿದರು, ಅಷ್ಟೆ. ಸಿಸ್ಟರ್ ಮೆಟ್ಟಿಲಿಗೆ ಅಡ್ಡ ನಿಂತು ಎರಡೂ ಕೈ ಚಾಚಿಬಿಟ್ಟರು.

"ಮೇಲೆ ಹೋಗ್ಲಿಕ್ಕಿಲ್ಲ."

"ನಾನು ಮಗೂಗೆ ಅಜ್ಜಿ ಕಣ್ರೀ," ಎಂದರು ಅಮ್ಮ.

"ಅಜ್ಜಿ ಆದ್ರೆ ಎಂತ? ಕೆಮ್ಮಿಗೆ ಸಂಬಂಧ ಗೊತ್ತುಂಟಾ?"

ಅಮ್ಮ ಕೆಮ್ಮು ಪೂರ್ತಿ ನಿಲ್ಲುವವರೆಗೆ ಸಿಸ್ಟರ್ ಮನೆಯ ಮುಂಗೋಣೆಯಲ್ಲಿ ಗಂಜಿ ಊಟ ಮಾಡುತ್ತಾ ಇದ್ದರು. ಮೊಮ್ಮಗಳನ್ನು ನಾವು ಬಾಲ್ಕನಿಯಿಂದ ಎತ್ತಿ ತೋರಿಸುತ್ತಿದ್ದೆವು. ಅಮ್ಮ ಇವತ್ತಿಗೂ ಆ ಸಂಗತಿ ಎತ್ತಿದರೆ ಮುಖ ಊದಿಸಿಕೊಳ್ಳುತ್ತಾರೆ. ಕೈ ತೊಳೆಯುವ ವಿಷಯದಲ್ಲಿ ಸಿಸ್ಟರ್‌ಗೆ ಒಂದು ಖಾಯಂ ಮಾತಿತ್ತು: "ಕೈ ತೊಳೆಯದವನಿಗೆ ಪ್ರೀತಿ ಮಾಡ್ಲಿಕ್ಕೆ ಹಕ್ಕಿಲ್ಲ." ಕಚೇರಿಯಿಂದ ಬಂದ ನಾನು ಮಗಳನ್ನು ಎತ್ತಿಕೊಳ್ಳಲು ಹೋದರೆ ಕೆಳಗಿನಿಂದಲೇ ಕೂಗು ಬರುತ್ತಿತ್ತು. ನಲ್ಲಿಯ ಸದ್ದು ಎಷ್ಟು ಹೊತ್ತು ಬಂತು ಎಂದು ಕೇಳಿಸಿಕೊಂಡೇ ನಾನು ತೊಳೆದಿದ್ದೇನೋ ಇಲ್ಲವೋ ಎಂದು ಅವರು ತೀರ್ಮಾನ ಮಾಡುತ್ತಿದ್ದರು.

ಇಂಥವರು ಕೋಳಿ ಸಾಕಿದ್ದರು.

ಹಳೆಯ ರೋಗಿಯೊಬ್ಬನ ಮನೆಯವರು ಪ್ರೀತಿಯಿಂದ ತಂದುಕೊಟ್ಟ ಒಂದು ಜೋಡಿಯಿಂದ ಶುರುವಾದದ್ದು ಬೆಳೆದು ಹಿತ್ತಲ ತುಂಬ ಆಗಿತ್ತು. ಹೇಂಟೆಗಳಿಗೆಲ್ಲ ತಾವು ಕೆಲಸ ಮಾಡಿದ ಆಸ್ಪತ್ರೆಯ ಮೇಟ್ರನ್‌ಗಳ ಹೆಸರು ಇಟ್ಟಿದ್ದರು. ಹುಂಜದ ಹೆಸರು ಸೂಪರಿಂಟೆಂಡೆಂಟ್. ಅದು ಬೆಳಕು ಹರಿಯುವ ಮೊದಲೇ ಮಾವಿನ ಕೊಂಬೆ ಹತ್ತಿ ನಮ್ಮ ಮಲಗುವ ಕೋಣೆಯ ಕಿಟಕಿಗೆ ಮುಖ ಮಾಡಿ ಕೂಗುತ್ತಿತ್ತು. ದೂರು ಹೇಳಿದರೆ, "ಅವನು ರೌಂಡ್ಸಿಗೆ ಬರುವ ಹೊತ್ತು ಅದು. ನೀನು ಬೇಗ ಮಲಗು," ಎನ್ನುತ್ತಿದ್ದರು. ಪಾಡಾದವರು ಅಂದರೆ ನಮ್ಮ ಕೇರಿಯವರು ಅವರನ್ನು ಮುರ್ಗಿ-ದಿದಿ, ಕೋಳಿ ಅಕ್ಕ, ಎಂದೇ ಕರೆಯುತ್ತಿದ್ದರು. ಸಂಜೆ ಬೆತ್ತದ ಕುರ್ಚಿ ಹಾಕಿಕೊಂಡು ಹಿತ್ತಲಲ್ಲಿ ಕೂತರೆ ಒಂದೊಂದಾಗಿ ಕೋಳಿಗಳು ಬಂದು ಅವರ ತೊಡೆ ಏರುತ್ತಿದ್ದವು. ಮನುಷ್ಯರನ್ನು ಅಷ್ಟು ಹತ್ತಿರ ಬಿಟ್ಟುಕೊಂಡದ್ದನ್ನು ನಾನು ಕಾಣೆ.

ಗೋಡೆಯ ಆಚೆ ಬೌದಿಯ ಮನೆ. ಬೌದಿ ಎಂದರೆ ಅತ್ತಿಗೆ, ಕೇರಿಯವರೆಲ್ಲ ಆಕೆಯನ್ನು ಹಾಗೇ ಕರೆಯುತ್ತಿದ್ದರು. ಆಕೆಯ ಗಂಡ ಟೋಟೋ ಎಂಬ ಬ್ಯಾಟರಿ ರಿಕ್ಷಾ ಓಡಿಸುತ್ತಿದ್ದ. ಬೌದಿಯೂ ಕೋಳಿ ಸಾಕಿದ್ದಳು, ಆದರೆ ಅವಕ್ಕೆ ಹೆಸರಿರಲಿಲ್ಲ. ಮೊಟ್ಟೆ ಮಾರಿ, ದುರ್ಗಾಪೂಜೆಯ ಹೊತ್ತಿಗೆ ಹುಂಜ ಮಾರಿ ಆಕೆ ಮನೆಯ ಅರ್ಧ ಭಾರ ಹೊರುತ್ತಿದ್ದಳು. ಸಿಸ್ಟರ್ ದಿನಕ್ಕೊಮ್ಮೆಯಾದರೂ ಆ ಮನೆಗೆ ಹೋಗಿ, ಆಕೆಯ ಕೋಳಿಗಳನ್ನೆಲ್ಲ ಹಿಡಿದು ನೋಡಿ, ಗೂಡು ಹೀಗೆ ಕಟ್ಟಬೇಕು ಹಾಗೆ ಕಟ್ಟಬೇಕು ಎಂದು ಬೈದು ಬರುತ್ತಿದ್ದರು. ಬೌದಿ ನಗುತ್ತಾ ಬೈಸಿಕೊಳ್ಳುತ್ತಿದ್ದಳು. ಚಹಾ ಕೊಟ್ಟು ಕಳಿಸುತ್ತಿದ್ದಳು.

ಒಂದು ವರ್ಷ ಮಳೆ ಹಿಂದೆಗೆಯುವ ಕಾಲದಲ್ಲಿ ಸಿಸ್ಟರ್ ಬಜಾರಿನಿಂದ ಹೊಸ ಹೇಂಟೆಯೊಂದನ್ನು ಕಂಕುಳಲ್ಲಿ ಇರುಕಿಕೊಂಡು ಬಂದರು. ಕಾಲು ಕಟ್ಟಿ ತಲೆಕೆಳಗೆ ತೂಗುಹಾಕಿದ್ದರಂತೆ, ನೋಡಲಾಗಲಿಲ್ಲವಂತೆ. ಕಾಲಿನ ಹಗ್ಗ ಬಿಚ್ಚಿ ನೇರವಾಗಿ ಉಳಿದವುಗಳ ಮಧ್ಯೆ ಬಿಟ್ಟರು.

ನನ್ನ ಹೆಂಡತಿ ಮೇಲಿನಿಂದ ನೋಡುತ್ತಿದ್ದವಳು, "ಸಿಸ್ಟರ್, ಹೊಸದು ಅಲ್ವಾ, ಸ್ವಲ್ಪ ದಿನ ಬೇರೆ ಇಡಬಾರದಾ?" ಎಂದಳು.

"ಎಂತಕ್ಕೆ? ಅದೇನು ಕಾಲರಾ ಪೇಶೆಂಟಾ ಮಾರಾಯ್ತಿ? ಹಸಿದು ಬಂದ ಜೀವ."

ವಾರ ಕಳೆಯುವುದರೊಳಗೆ ಆ ಹಸಿದು ಬಂದ ಜೀವ ರೆಕ್ಕೆ ಇಳಿಬಿಟ್ಟು ಮೂಲೆ ಹಿಡಿಯಿತು. ಅದು ಸತ್ತ ಮಾರನೆಯ ದಿನ ಇನ್ನೊಂದು. ಹಿತ್ತಲ ತುಂಬ ಹಸಿರು ಹಿಕ್ಕೆ. ಕೋಳಿಗಳು ಕೊಕ್ಕು ತೆರೆದು ಉಸಿರಿಗೆ ಎಳೆದಾಡುವ ಸದ್ದು ನಮ್ಮ ಬಾಲ್ಕನಿಯವರೆಗೆ ಕೇಳುತ್ತಿತ್ತು. ಆಮೇಲೆ ಒಂದು ಹೇಂಟೆ ಕುತ್ತಿಗೆ ತಿರುಚಿಕೊಂಡು, ಆಕಾಶ ನೋಡುತ್ತಾ ಹಿಂದೆ ಹಿಂದೆ ನಡೆಯಲು ಶುರು ಮಾಡಿತು. ಕಂಡವರಿಗೆ ಗಾಬರಿಯಾಗುವ ದೃಶ್ಯ.

ಸಿಸ್ಟರ್ ಅದನ್ನು ಶೀತ ಎಂದರು.

ಬೆಳ್ಳುಳ್ಳಿ ಜಜ್ಜಿ ತಿನ್ನಿಸಿದರು. ಅರಿಸಿನದ ನೀರು ಕುಡಿಸಿದರು. ತಮ್ಮ ಗುಳಿಗೆಯನ್ನೇ ಮುರಿದು ಅರ್ಧ ಹಾಕಿದರು. ಹೆಚ್ಚು ಬಳಲಿದವನ್ನು ಅಡುಗೆಮನೆಯಲ್ಲಿ ಒಲೆಯ ಪಕ್ಕ ಮಲಗಿಸಿ, ಎತ್ತಿ ಕೆನ್ನೆಗೆ ಒತ್ತಿಕೊಂಡು ಸಮಾಧಾನ ಮಾಡಿದರು. ಎಲ್ಲಕ್ಕಿಂತ ನನ್ನ ತಲೆ ಕೆಟ್ಟದ್ದು, ಅದೇ ಚಪ್ಪಲಿ, ಅದೇ ಸೆರಗು ಹಾಗೇ ಇಟ್ಟುಕೊಂಡು ಅವರು ದಿನದ ರೂಢಿಯಂತೆ ಬೌದಿಯ ಮನೆಗೆ ಹೋಗಿ ಬಂದಾಗ.

"ಸಿಸ್ಟರ್," ಎಂದೆ, "ನನ್ನ ಅಮ್ಮನನ್ನ ಒಂದು ಕೆಮ್ಮಿಗೆ ಮೆಟ್ಟಿಲು ಹತ್ತಲು ಬಿಡಲಿಲ್ಲ ನೀವು. ಈಗ ಏನು ಮಾಡ್ತಿದ್ದೀರಿ?"

"ಅದು ಮನುಷ್ಯರ ವಿಷಯ. ಇದು ಬೇರೆ."

"ಹೇಗೆ ಬೇರೆ?"

"ನೀನು ಲೆಕ್ಕದ ಕೆಲಸದವನು. ಲೆಕ್ಕ ನೋಡು."

ಆ ಸಂಜೆಯೇ ಬೌದಿ ಗೋಡೆಯ ಹತ್ತಿರ ಬಂದು ಕೇಳಿದ್ದನ್ನು ನಾನು ಬಾಲ್ಕನಿಯಿಂದ ಕೇಳಿಸಿಕೊಂಡೆ. "ದಿದಿ, ನಿಮ್ಮ ಕೋಳಿಗಳಿಗೆ ಏನಾದರೂ ಆಗಿದೆಯಾ? ಸದ್ದೇ ಇಲ್ಲ. ನಮ್ಮವಕ್ಕೇನೂ ತೊಂದರೆ ಇಲ್ಲ ತಾನೆ?"

ಸಿಸ್ಟರ್ ಆಸ್ಪತ್ರೆಯಲ್ಲಿ ಕಲಿತ ಅಚ್ಚುಕಟ್ಟಾದ ಬಂಗಾಳಿಯಲ್ಲಿ ಉತ್ತರ ಕೊಟ್ಟರು. "ಏನೂ ಇಲ್ಲ. ಬಿಸಿಲಿಲ್ಲವಲ್ಲ, ಮಂಕಾಗಿವೆ, ಅಷ್ಟೆ."

ನಾನು ದಂಗಾದೆ. ಅವರು ಜಗಳಗಂಟಿ, ಹಟಮಾರಿ, ಇನ್ನೊಬ್ಬರ ಮನೆಯ ನಲ್ಲಿಗೆ ಕಿವಿಗೊಡುವವರು. ಇಷ್ಟೆಲ್ಲ ಹೌದು. ಸುಳ್ಳು ಹೇಳಿದ್ದನ್ನು ಮಾತ್ರ ಅದುವರೆಗೆ ಕಂಡಿರಲಿಲ್ಲ. ಮಾರನೆಯ ದಿನ ಸತ್ತ ಕೋಳಿಯೊಂದನ್ನು ಅವರಿಗೆ ತಿಳಿಯದ ಹಾಗೆ ಎರಡು ಪಾಲಿಥೀನ್ ಚೀಲದಲ್ಲಿ ಸುತ್ತಿ, ಮಿಠಾಯಿ ಅಂಗಡಿಯ ದೊಡ್ಡ ಪೆಟ್ಟಿಗೆಯಲ್ಲಿಟ್ಟು, ಪಶು ಆಸ್ಪತ್ರೆಗೆ ಹೊರಟೆ. ಶೇರ್ ಆಟೋದಲ್ಲಿ ಪಕ್ಕದಲ್ಲಿ ಕೂತವನು ಪೆಟ್ಟಿಗೆಯನ್ನೇ ನೋಡಿ, "ಮಗುವಿನ ಅನ್ನಪ್ರಾಶನವೇ?" ಎಂದು ನಕ್ಕ. ನಾನೂ ನಕ್ಕೆ. ಬೇರೇನು ಮಾಡುವುದು?

ಆಸ್ಪತ್ರೆಯ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಪೆಟ್ಟಿಗೆ ಬಿಚ್ಚಿದ ಕೂಡಲೇ, ಇದನ್ನು ಜನ ತುಂಬಿದ ಆಟೋದಲ್ಲಿ ತಂದಿರಾ ಎಂದು ಹಿಂದಿಯಲ್ಲಿ ನನ್ನನ್ನೇ ಬೈದರು. ಕೈಗವಸು, ಮಾಸ್ಕು ಹಾಕಿಕೊಂಡು ಒಳಗೆ ಒಯ್ದು ಕೊಯ್ದು ನೋಡಿ ಬಂದರು. ಹೊಟ್ಟೆಯ ಒಳಗೋಡೆಯಲ್ಲಿ ರಕ್ತದ ಚುಕ್ಕೆಗಳಿವೆ, ರಾಣಿಖೇತ್ ಇರಬೇಕು ಎಂದರು. ನಮ್ಮ ಕಡೆ ಕೊಕ್ಕರೆ ರೋಗ ಎನ್ನುತ್ತಾರಲ್ಲ, ಅದು. ಆದರೂ ಹಕ್ಕಿಜ್ವರ ಅಲ್ಲವೆಂದು ಖಾತ್ರಿಯಾಗಲು ಲ್ಯಾಬಿಗೆ ಕಳಿಸಬೇಕು ಎಂದರು.

"ಔಷಧ?" ಎಂದೆ.

"ಇಲ್ಲ. ಬಂದದ್ದಕ್ಕೆ ಔಷಧ ಇಲ್ಲ. ಬಾರದ್ದಕ್ಕೆ ಲಸಿಕೆ ಇದೆ, ಹಾಕುವವನನ್ನು ನಾಳೆ ಕಳಿಸುತ್ತೇನೆ. ಅಕ್ಕಪಕ್ಕದವರು ಕೋಳಿ ಸಾಕಿದ್ದಾರಾ? ಅವರಿಗೆ ಹೇಳಿದ್ದೀರಾ?" ಸಾಕಿದ್ದಾರೆ, ಹೇಳಿಲ್ಲ ಎಂದೆ. ಅವರು ಇನ್ನೊಂದು ಪ್ರಶ್ನೆ ಕೇಳಿದರು. "ಮನೆಯಲ್ಲಿ ಯಾರಿಗಾದರೂ ಕಣ್ಣು ಕೆಂಪಾಗಿದೆಯಾ?"

ಆಗಿತ್ತು. ಸಿಸ್ಟರ್‌ಗೆ ಎರಡು ದಿನದಿಂದ ಒಂದು ಕಣ್ಣು ಕೆಂಡದ ಹಾಗೆ ಇತ್ತು. ಧೂಳು ಬಿದ್ದಿದೆ ಎಂದಿದ್ದರು. ಸೋಂಕಿದ ಕೋಳಿಯನ್ನು ಮುಖಕ್ಕೆ ಹಿಡಿದುಕೊಂಡವರಿಗೆ ಹಾಗಾಗುತ್ತದೆ, ತಾನೇ ವಾಸಿಯಾಗುತ್ತದೆ ಎಂದರು ಡಾಕ್ಟರು.

ಮನೆಗೆ ಬಂದು ಹೇಳಿದಾಗ ಸಿಸ್ಟರ್ ಕುರ್ಚಿಯಿಂದ ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು.

"ನನ್ನ ಪೇಶೆಂಟಿನ ರಿಪೋರ್ಟು ತರ್ಲಿಕ್ಕೆ ನಿನಗೆ ಯಾರು ಹೇಳಿದ್ದು?"

"ನಿಮ್ಮ ಪೇಶೆಂಟ್ ಸತ್ತುಹೋಗಿತ್ತು ಸಿಸ್ಟರ್."

"ಹೌದು, ಸತ್ತದ್ದು ನನ್ನದು. ನಿನ್ನದಲ್ಲ. ಈಗ ಎಂತ ಆಗ್ತದೆ ಗೊತ್ತುಂಟಾ? ಹಿಂದೆ ಹಕ್ಕಿಜ್ವರ ಅಂತ ಆದಾಗ ನಾನು ನೋಡಿದ್ದೇನೆ. ಗೋಣಿ ಹಿಡ್ಕೊಂಡು ಬಂದ್ರು. ಕಾಯಿಲೆ ಉಂಟಾ ಇಲ್ವಾ ಕೇಳ್ಲಿಲ್ಲ. ಇದ್ದದ್ದನ್ನೆಲ್ಲ ತುಂಬಿಸ್ಕೊಂಡು ಹೋದ್ರು. ಜೀವ ಇದ್ದದ್ದು ಗೋಣಿಯೊಳಗೆ ಹೊರಳಾಡ್ತಿತ್ತು."

 ಅಷ್ಟು ದಿನದ ಶೀತ, ಬಿಸಿಲಿಲ್ಲದ ಮಂಕು, ಎಲ್ಲದರ ಹಿಂದೆ ಇದ್ದದ್ದು ಆ ಗೋಣಿ ಎಂದು ನನಗೆ ಆಗ ತಿಳಿಯಿತು. ತಿಳಿದರೂ ಸಿಟ್ಟು ಇಳಿಯಲಿಲ್ಲ.

"ಬೌದಿಗೆ ಸುಳ್ಳು ಹೇಳಿದಿರಿ. ಆಕೆಗೆ ಕೋಳಿ ಆಟದ ಸಾಮಾನಲ್ಲ. ಇವತ್ತು ಸಂಜೆಯೊಳಗೆ ನೀವು ಹೇಳದಿದ್ದರೆ ನಾನೇ ಹೋಗಿ ಹೇಳ್ತೀನಿ."

"ಹೋಗು. ನಡಿ ಇಲ್ಲಿಂದ."

ಬಾಗಿಲು ಹಾಕಿಕೊಂಡರು. ನಾನು ಮೇಲೆ ಬಂದು ಚಹಾ ಕುಡಿಯುತ್ತಾ, ಬೌದಿಗೆ ಹೇಗೆ ಹೇಳುವುದು ಎಂದು ಯೋಚಿಸುತ್ತಾ ಕೂತೆ. ಬಿಸಿಲು ತಗ್ಗುವ ಹೊತ್ತಿಗೆ ಹೆಂಡತಿ ಬಾಲ್ಕನಿಯಿಂದ ಕರೆದಳು. "ಬೇಗ ಬನ್ನಿ. ಸಿಸ್ಟರ್ ಗಲ್ಲಿಯಲ್ಲಿ ನಿಂತಿದ್ದಾರೆ."

ಸ್ನಾನ ಮಾಡಿ, ಬೇರೆ ಸೀರೆ ಉಟ್ಟು, ಬರಿಗಾಲಲ್ಲಿ, ಸಿಸ್ಟರ್ ಬೌದಿಯ ಬಾಗಿಲಿನಿಂದ ದೂರದಲ್ಲಿ ಗಲ್ಲಿಯ ನಡುವೆ ನಿಂತಿದ್ದರು. ಬೌದಿ ಹೊರಗೆ ಬಂದು ಎಂದಿನಂತೆ ಒಳಗೆ ಕರೆದಳು.

"ಬರುವುದಿಲ್ಲ. ನೀನೂ ಹತ್ತಿರ ಬರಬೇಡ," ಎಂದು ಸಿಸ್ಟರ್ ವಾರ್ಡಿನ ಈ ತುದಿಯಿಂದ ಆ ತುದಿಗೆ ಕೇಳಿಸುವ ದನಿಯಲ್ಲಿ ಹೇಳಿದರು. "ನನ್ನ ಕೋಳಿಗಳಿಗೆ ರಾಣಿಖೇತ್ ಬಂದಿದೆ. ನಿನ್ನೆ ನೀನು ಕೇಳಿದಾಗ ನಾನು ಸುಳ್ಳು ಹೇಳಿದೆ. ಕಾಯಿಲೆ ಬಂದ ಮೇಲೂ ನಿನ್ನ ಮನೆಗೆ ಬಂದಿದ್ದೇನೆ. ನಿನ್ನ ಕೋಳಿಗಳನ್ನು ಮುಟ್ಟಿದ್ದೇನೆ."

ಚಹಾ ಅಂಗಡಿಯ ಬೆಂಚಿನ ಮೇಲಿದ್ದವರು ಎದ್ದು ನಿಂತರು. ಎದುರು ಮನೆಯ ಕಿಟಕಿಗಳು ತೆರೆದುಕೊಂಡವು. ಬೌದಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ಆಕೆ ಬಾಯಿಗೆ ಬಂದ ಹಾಗೆ ಬೈದಳು. ಓದಿದವರು, ನರ್ಸು, ನಮಗೆಲ್ಲ ಬುದ್ಧಿ ಹೇಳುವವರು, ನನ್ನ ಮಕ್ಕಳ ಅನ್ನಕ್ಕೆ ಮಣ್ಣು ಹಾಕಿದಿರಿ ಎಂದಳು. ಇನ್ನೂ ಏನೇನೋ ಅಂದಳು. ಬೇರೆ ಯಾವ ದಿನವಾಗಿದ್ದರೂ ಒಂದಕ್ಕೆ ಹತ್ತು ಕೊಡುತ್ತಿದ್ದ ಸಿಸ್ಟರ್, ಆಕೆ ಮುಗಿಸುವವರೆಗೆ ಕೈಕಟ್ಟಿ ನಿಂತಿದ್ದರು. ಬೌದಿ ಬಾಗಿಲು ಬಡಿದು ಹಾಕಿಕೊಂಡ ಮೇಲೂ ಮುಚ್ಚಿದ ಬಾಗಿಲಿಗೇ ಹೇಳಿದರು: "ನಾಳೆ ಲಸಿಕೆಯವರು ಬರುತ್ತಾರೆ. ಮಂಕಾಗಿರುವುದನ್ನು ಇವತ್ತೇ ಬೇರೆ ಮಾಡು. ನೀರಿನ ಪಾತ್ರೆಯನ್ನೂ."

ಆ ಕ್ಷಣದಿಂದ ಅವರು ಮತ್ತೆ ವಾರ್ಡಿನ ಸಿಸ್ಟರ್ ಆದರು. ನಮಗೆ ಅದೊಂದು ಬೇರೆಯೇ ಹಿಂಸೆ. ಗೇಟಿನ ಬಳಿ ಬ್ಲೀಚಿಂಗ್ ಪೌಡರಿನ ನೀರು ತುಂಬಿದ ಟಬ್ಬು ಬಂತು. ಕಚೇರಿಗೆ ಹೊರಟ ನಾನು ಪಾಲಿಶ್ ಮಾಡಿದ ಬೂಟು ಸಮೇತ ಅದರಲ್ಲಿ ಇಳಿದು ಹತ್ತಬೇಕು. ಹಿತ್ತಲ ಬಾಗಿಲಿಗೆ ಸುಣ್ಣದ ಗೆರೆ. ಅದರಾಚೆಗೆ ಅವರೊಬ್ಬರೇ, ಅದಕ್ಕೆಂದೇ ಇಟ್ಟ ಒಂದು ನೈಟಿ, ಒಂದು ಜೊತೆ ಚಪ್ಪಲಿ. ನನ್ನ ಬೂಟು ಬಣ್ಣ ಕಳೆದುಕೊಂಡು ಬೂದಿಯಂತಾಯಿತು. ಹಾಗೆಂದಾಗ, "ಬೂಟಿಗೆ ಪ್ರಾಣ ಉಂಟಾ?" ಎಂದರು.

ಲಸಿಕೆ ಹಾಕುವವನು ಬೌದಿಯ ಅಂಗಳಕ್ಕೆ ಬಂದ. ತಾವು ಅಲ್ಲಿಗೆ ಕಾಲಿಡುವಂತಿಲ್ಲ ಎಂದು ತಮಗೆ ತಾವೇ ವಿಧಿಸಿಕೊಂಡಿದ್ದ ಸಿಸ್ಟರ್, ನಮ್ಮ ಬಾಲ್ಕನಿ ಹತ್ತಿ ನಿಂತು ಅಲ್ಲಿಂದಲೇ ಕೂಗಾಡಿದರು. ತಲೆ ಓರೆ ಮಾಡಿ ಹಿಡಿ, ಹನಿ ಕಣ್ಣಿಗೆ ಬೀಳಲಿ, ಅದು ಕಣ್ಣು ಮಿಟುಕಿಸುವವರೆಗೆ ಬಿಡಬೇಡ. ಲಸಿಕೆಯವನು ಒಮ್ಮೆ ಕತ್ತೆತ್ತಿ, "ಇವರು ಯಾರು, ದೊಡ್ಡ ಡಾಕ್ಟರಾ?" ಎಂದು ಕೇಳಿದ. ಬೌದಿ ತಲೆ ಎತ್ತಲಿಲ್ಲ. ಆದರೆ ಅವಳು ಕೋಳಿಯ ತಲೆಯನ್ನು ಓರೆ ಮಾಡಿಯೇ ಹಿಡಿದಿದ್ದಳು.

ಹಕ್ಕಿಜ್ವರ ಅಲ್ಲ ಎಂದು ಲ್ಯಾಬಿನಿಂದ ತಿಳಿದುಬಂತು. ಗೋಣಿಯವರು ಬರಲಿಲ್ಲ. ಆದರೆ ಸಿಸ್ಟರ್ ಹಿತ್ತಲಲ್ಲಿ ಉಳಿದವುಗಳಲ್ಲಿ ಬದುಕುವಂಥದ್ದು ಹೆಚ್ಚೇನೂ ಇರಲಿಲ್ಲ. ನರಳುವುದನ್ನು ಇಟ್ಟುಕೊಳ್ಳುವುದು ರೋಗ ಹರಡಲು ಬಿಟ್ಟ ಹಾಗೆ ಎಂದಿದ್ದರು ಡಾಕ್ಟರು. ಆಳನ್ನು ಕರೆಸೋಣ ಎಂದೆ.

"ಬೇಡ. ನಾನು ಹೆಸರಿಟ್ಟವು. ನಾನೇ ಮಾಡ್ತೇನೆ."

ಮಾಡಿದರು. ಒಂದೊಂದನ್ನೇ ಹೆಸರು ಹಿಡಿದು ಕರೆದು ತೊಡೆಯ ಮೇಲೆ ಕೂರಿಸಿಕೊಂಡು, ಬೆನ್ನು ಸವರಿ, ಒಮ್ಮೆಲೇ ಮುಗಿಸಿದರು. ಸೂಪರಿಂಟೆಂಡೆಂಟ್ ಕೊನೆಯವನು. ಆಳವಾಗಿ ತೋಡಿಸಿದ್ದ ಗುಂಡಿಗೆ ಇಳಿಸಿ ಸುಣ್ಣ ಸುರಿದರು. ಅಳಲಿಲ್ಲ. ಆ ದಿನ ಅವರು ನನ್ನನ್ನು ಒಮ್ಮೆಯೂ ಬೈಯಲಿಲ್ಲ. ಮಾರನೆಯ ಬೆಳಗ್ಗೆ ನಿದ್ದೆ ಕೆಡಿಸುವ ಸದ್ದಿಲ್ಲದೆ ತಡವಾಗಿ ಎದ್ದೆ. ಏನೋ ಕಳೆದುಕೊಂಡ ಹಾಗಾಯಿತು. ನನಗೆ ನನ್ನ ಮೇಲೇ ಸಿಡುಕು ಬಂತು.

ಇಷ್ಟಕ್ಕೆ ಮುಗಿಯಿತು ಅಂದುಕೊಂಡೆವು. ಕೆಲವು ದಿನದ ಮೇಲೆ ನನ್ನ ಹೆಂಡತಿ ಸ್ನಾನದ ಮನೆಯಿಂದ ಹೊರಗೆ ಬಂದು, "ರೀ, ಪೈಪಿನೊಳಗಿಂದ ಕೊಕ್ ಕೊಕ್ ಅಂತ ಕೇಳಿಸ್ತಿದೆ," ಎಂದಳು.

ಕೆಳಗೆ ಹೋಗಿ ಬಾಗಿಲು ತಟ್ಟಿದೆ. ಸಿಸ್ಟರ್ ಬಾಗಿಲಿನ ಸಂದಿಯಲ್ಲಿ ಮುಖ ಇಟ್ಟರು. ಅವರ ಬಚ್ಚಲಲ್ಲಿ, ಕುತ್ತಿಗೆ ತಿರುಚಿಕೊಂಡು ಆಕಾಶ ನೋಡುತ್ತಿದ್ದ ಆ ಹೇಂಟೆ ಇತ್ತು. ಜ್ವರ ಬಿಟ್ಟಿತ್ತು, ಉಸಿರು ಸರಿಯಾಗಿತ್ತು. ಕುತ್ತಿಗೆ ಮಾತ್ರ ನೇರವಾಗಿರಲಿಲ್ಲ. ನೆಲದ ಕಾಳು ಹೆಕ್ಕಲಾಗದೆ ಸಿಸ್ಟರ್ ಕೈಯಿಂದಲೇ ತಿನ್ನುತ್ತಿತ್ತು.

ನಾನು ತಲೆ ಚಚ್ಚಿಕೊಂಡೆ. "ಊರಿಗೆಲ್ಲ ಡಂಗುರ ಸಾರಿ ಬಂದಿರಿ. ಇದನ್ನ ಬಚ್ಚಿಟ್ಟುಕೊಂಡಿದ್ದೀರಾ?"

"ಬಚ್ಚಿಟ್ಟದ್ದಲ್ಲ. ಐಸೊಲೇಶನ್. ಇದು ಗುಣ ಆದ ಪೇಶೆಂಟ್. ಗುಣ ಆದದ್ದನ್ನ ಕೊಲ್ಲು ಅಂತ ಯಾರೂ ನನಗೆ ಕಲಿಸ್ಲಿಲ್ಲ."

"ಇದರಿಂದ ಬೇರೆಯವಕ್ಕೆ ಹರಡಿದರೆ?"

"ಇದು ಬಚ್ಚಲು ಬಿಟ್ಟು ಹೊರಗೆ ಬರುವುದಿಲ್ಲ. ಇದು ಇರುವಷ್ಟು ದಿನ ನಾನೂ ಕೋಳಿ ಇರುವ ಮನೆಗೆ ಹೋಗುವುದಿಲ್ಲ. ಡಾಕ್ಟರಿಗೆ ನಾನೇ ಫೋನ್ ಮಾಡಿ ಹೇಳಿದ್ದೇನೆ, ಬೇಕಾದ್ರೆ ಕೇಳು. ಬೌದಿಗೂ ಹೇಳ್ತೇನೆ. ಈ ಸಲ ಮೊದಲೇ."

ಹೇಳಿದರು. ಮತ್ತೆ ಗಲ್ಲಿಯ ನಡುವೆ ನಿಂತು, ಮತ್ತೆ ಮುಚ್ಚಿದ ಬಾಗಿಲಿಗೆ. ಹಾಗೇ ನಡೆದುಕೊಂಡರು ಕೂಡ. ಆ ಚಳಿಗಾಲ ಅವರು ಬಜಾರಿನಲ್ಲಿ ಕೋಳಿ ಮಾರುವ ಸಾಲನ್ನು ಸುತ್ತಿಕೊಂಡು ಹೋಗುತ್ತಿದ್ದರು. ಸ್ನಾನಕ್ಕೆ ಮಾತ್ರ ಬಕೆಟ್ಟು ಹಿಡಿದುಕೊಂಡು ನಮ್ಮ ಮನೆಗೇ ಬಂದರು, ನಮ್ಮ ನೆಲ ಒರೆಸಿದ್ದು ಸರಿಯಿಲ್ಲವೆಂದು ಹೇಳಿಯೂ ಹೋದರು. ಬೌದಿಯ ಕೋಳಿಗಳಲ್ಲಿ ಕೆಲವು ಲಸಿಕೆಗೆ ಮೊದಲೇ ಸೋಂಕಿ ಸತ್ತಿದ್ದವು, ಹೆಚ್ಚಿನವು ಉಳಿದವು. ದುರ್ಗಾಪೂಜೆ ಕಳೆಯಿತು, ಕ್ರಿಸ್‌ಮಸ್ ಕಳೆಯಿತು, ಬೌದಿ ಮಾತಾಡಲಿಲ್ಲ. ಸಿಸ್ಟರ್ ಕ್ರಿಸ್‌ಮಸ್‌ಗೆ ಮಾಡಿದ ಕಲ್ಕಲ್ ಎಂಬ ಸಿಹಿತಿಂಡಿಯನ್ನು ನನ್ನ ಹೆಂಡತಿಯ ಕೈಲಿ ಆ ಮನೆಗೆ ಕಳಿಸಿದರು. ಬೌದಿ ತೆಗೆದುಕೊಂಡಳು. ತಟ್ಟೆಯನ್ನು ಖಾಲಿಯೇ ಹಿಂದಕ್ಕೆ ಕಳಿಸಿದಳು.

ಹೋಳಿಯ ಹೊತ್ತಿಗೆ ಸೊಟ್ಟ ಕುತ್ತಿಗೆಯ ಹೇಂಟೆ ತಾನಾಗಿ ಸತ್ತಿತು. ಸಿಸ್ಟರ್ ಬಚ್ಚಲನ್ನೂ ಹಿತ್ತಲನ್ನೂ ತೊಳೆದು, ಸುಣ್ಣ ಹೊಡೆಸಿ, ಗೂಡುಗಳನ್ನು ಸುಟ್ಟು, ಬೇಸಿಗೆಯ ಬಿಸಿಲಿಗೆ ನೆಲವನ್ನು ಖಾಲಿ ಬಿಟ್ಟರು. ಸಂಜೆ ಬೆತ್ತದ ಕುರ್ಚಿಯಲ್ಲಿ ಸುಮ್ಮನೆ ಕೂತಿರುತ್ತಿದ್ದರು. ನಾನು ಬೇಕೆಂದೇ ಮೆಟ್ಟಿಲ ಮೇಲೆ ಚಪ್ಪಲಿ ಸದ್ದು ಮಾಡಿ ಹತ್ತಿದರೂ ಕೆಲವೊಮ್ಮೆ ಬೈಯುತ್ತಿರಲಿಲ್ಲ.

ಮತ್ತೆ ಮಳೆ ಶುರುವಾದ ಮೇಲೆ ಒಂದು ಬೆಳಗ್ಗೆ ಗೋಡೆಯಾಚೆಯಿಂದ "ದಿದಿ" ಎಂದು ಕೂಗಿದ್ದು ಕೇಳಿ ಬಾಲ್ಕನಿಗೆ ಬಂದೆ. ಬೌದಿ ಬಿದಿರ ಬುಟ್ಟಿಯೊಂದನ್ನು ಗೋಡೆಯ ಮೇಲೆ ಇಟ್ಟು ಹಿಡಿದುಕೊಂಡಿದ್ದಳು. ಬುಟ್ಟಿಯಲ್ಲಿ ಪುಟ್ಟ ಪುಟ್ಟ ಹೇಂಟೆಮರಿಗಳು.

"ನಮ್ಮಲ್ಲಿ ಒಡೆದ ಮರಿಗಳು. ತೆಗೆದುಕೊಳ್ಳಿ," ಎಂದಳು.

ಸಿಸ್ಟರ್ ಹತ್ತಿರ ಹೋದರು. ಬಗ್ಗಿ ನೋಡಿದರು. ಕೈ ಮುಂದೆ ಮಾಡಲಿಲ್ಲ.

"ಲಸಿಕೆ ಹಾಕಿಸಿದ್ದೀಯಾ?"

ನಾನು ಹಣೆ ಹಣೆ ಬಡಿದುಕೊಂಡೆ. ಹೆಚ್ಚು ಕಡಿಮೆ ವರ್ಷದ ಮೇಲೆ ಒಬ್ಬಳು ಸಿಟ್ಟು ಬಿಟ್ಟು ಗೋಡೆಯವರೆಗೆ ಬಂದಿದ್ದಾಳೆ, ಈ ಹೆಂಗಸು ಕೇಳುವುದು ಇದನ್ನು! ಬೌದಿಯ ಮುಖ ಕೆಂಪಾಯಿತು.

"ಯಾರು ಯಾರನ್ನು ಕೇಳುತ್ತಿದ್ದಾರೆ?" ಎಂದಳು.

"ಕೇಳಬೇಕು," ಎಂದರು ಸಿಸ್ಟರ್. "ಅವತ್ತು ನೀನೂ ಕೇಳಿದೆ. ಕೇಳಿದ್ದು ಸರಿ. ಉತ್ತರ ಕೊಟ್ಟವಳು ಸರಿ ಇರಲಿಲ್ಲ."

ಬೌದಿ ಒಂದು ಮರಿಯನ್ನು ಎತ್ತಿ, ಅದರ ತಲೆ ಓರೆ ಮಾಡಿ ಹಿಡಿದಳು.

"ಹಾಕಿಸಿದ್ದೇನೆ ದಿದಿ," ಎಂದಳು ಆಮೇಲೆ. "ಕಣ್ಣಿಗೆ ಒಂದೊಂದು ಹನಿ."

ಆಗ ಸಿಸ್ಟರ್ ಎರಡೂ ಕೈ ಗೋಡೆಯಾಚೆಗೆ ಚಾಚಿದರು.